ಮುಂಗುಸಿಗೆ ಕಂದಾಯ, ನಾಯಿಗೆ ಬಡ್ಡಿ



ಕಬ್ಬಿಗೆ ಬೆಲೆ ಕಟ್ಟುವವರು ನೀವಲ್ಲ. ದಿಲ್ಲಿಯಲ್ಲಿ ಕೂತವರು ಕಟ್ಟುತ್ತಾರೆ, ಕಾರ್ಖಾನೆಯವರು ಮನಸ್ಸು ಬಂದಾಗ ಕೊಡುತ್ತಾರೆ. ಭತ್ತಕ್ಕೆ ಬೆಂಬಲ ಬೆಲೆ ಅಂತ ಸಾರುತ್ತಾರೆ, ಖರೀದಿ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಭತ್ತ ದಲ್ಲಾಳಿಯ ಗೋದಾಮು ಸೇರಿರುತ್ತದೆ. ಹಾಲಿನ ಬೆಲೆ ಒಕ್ಕೂಟದ ಕೈಯಲ್ಲಿದೆ. ಗಿರಾಕಿ ನಿಮ್ಮ ಮನೆ ಬಾಗಿಲಿಗೇ ಬಂದು, ನೀವು ಹೇಳಿದ ಬೆಲೆಯನ್ನು ಕೈಗೆ ಎಣಿಸಿ ಕೊಂಡುಹೋಗುವ ಪದಾರ್ಥ ಇನ್ನೂ ಒಂದು ಉಳಿದಿದೆ. ಅದು ಹಿತ್ತಲಿನ ನಾಟಿಕೋಳಿ. ಅದನ್ನೇ ನಾವು ಮುಂಗುಸಿಗೆ, ಕಾಡುಬೆಕ್ಕಿಗೆ, ನಾವೇ ಅನ್ನ ಹಾಕಿ ಸಾಕಿದ ನಾಯಿಗೆ ಬಿಟ್ಟು ಕೂತಿದ್ದೇವೆ!

ಕೋಳಿ ವಿಷಯ ಹೆಂಗಸರದು, ನಮಗೇನು ಅಂತ ಪುಟ ತಿರುವಬೇಡಿ. ಕೂತು ಲೆಕ್ಕ ಹಾಕಿ. ಒಂದು ಹೇಂಟೆ ವರ್ಷಕ್ಕೆ ಮೂರು ಸಲ ಕಾವಿಗೆ ಕೂತು, ಸಲಕ್ಕೆ ಹತ್ತು ಮರಿ ಮಾಡಿತು ಅನ್ನಿ. ಮೂವತ್ತು ಮರಿ. ಮಾರುವ ಮಟ್ಟಕ್ಕೆ ಬರುವುದು ಎಂಟು ಅನ್ನಿ. ಉಳಿದ ಇಪ್ಪತ್ತೆರಡು ಎಲ್ಲಿ ಹೋದವು? ಕೆಲವು ರೋಗಕ್ಕೆ ಹೋಗುತ್ತವೆ, ಒಪ್ಪೋಣ. ಅರ್ಧದಷ್ಟು, ಹನ್ನೊಂದನ್ನಾದರೂ ಉಳಿಸಿಕೊಂಡರೆ, ಒಂದಕ್ಕೆ 400 ರೂಪಾಯಿ ಹಿಡಿದರೂ 4,400 ರೂಪಾಯಿ. ಮೂರು ಹೇಂಟೆ ಇದ್ದ ಮನೆಗೆ 13,200. ಕಾರ್ಖಾನೆಯ ಬಾಕಿಗೆ ರಸ್ತೆಗಿಳಿಯುವ ನಾವು ಈ ಬಾಕಿಯನ್ನು ಯಾರ ಹತ್ತಿರ ಕೇಳಬೇಕು?

ಈ ದುಡ್ಡು ಏನಕ್ಕೆ ಆಗುತ್ತದೆ ಅಂತಲೂ ಯೋಚನೆ ಮಾಡಿ. ಮಗುವಿಗೆ ಜ್ವರ ಬಂದರೆ, ಶಾಲೆಯ ಪುಸ್ತಕಕ್ಕೆ, ಸಂತೆಯ ಖರ್ಚಿಗೆ ಮನೆಯ ಹೆಣ್ಣುಮಗಳು ಯಾರ ಮುಂದೆಯೂ ಕೈಚಾಚದೆ ತೆಗೆದುಕೊಡುವ ದುಡ್ಡು ಇದು. ಇದು ಇಲ್ಲವಾದ ದಿನ ಅವಳು ಕಿರುಸಾಲದವರ ಪುಸ್ತಕಕ್ಕೆ ಸಹಿ ಹಾಕುತ್ತಾಳೆ. ಆಮೇಲೆ ವಾರವಾರ ಕಂತು, ಬಾಗಿಲಲ್ಲಿ ನಿಂತು ಮಾನ ಕಳೆಯುವ ವಸೂಲಿ. ಆ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸುಗ್ರೀವಾಜ್ಞೆ ಬರಲಿ, ಬೇಡ ಅನ್ನುವವರಿಲ್ಲ. ಆದರೆ ಸಾಲಕ್ಕೆ ಹೋಗದಂತೆ ತಡೆಯುವ ಹೇಂಟೆಯನ್ನು ನಾಯಿ ಬಾಯಿಗೆ ಬಿಟ್ಟರೆ ಯಾವ ಕಾನೂನು ಏನು ಮಾಡೀತು?

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ, ಬಾಡೂಟ ಬೇಕು ಅಂತ ಗಟ್ಟಿಯಾಗಿ ಕೇಳಿದ ಜಿಲ್ಲೆ ನಮ್ಮದು. ಕೇಳಿದ್ದು ಸರಿಯೇ. ತಟ್ಟೆಯಲ್ಲಿ ಕೋಳಿಗೆ ಇರುವ ಮರ್ಯಾದೆ ಹಿತ್ತಲಲ್ಲಿ ಯಾಕಿಲ್ಲ?

"ಕಾಡುಪ್ರಾಣಿ ಹೆಚ್ಚಾದವು, ನಾವೇನು ಮಾಡೋಣ?" ಅನ್ನುತ್ತೀರಿ. ಕಾಡುಪ್ರಾಣಿಗೆ ಮನೆ ಮಾಡಿಕೊಟ್ಟವರು ಯಾರು? ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, ಕಬ್ಬು ಮನೆಯ ಹಿಂದಿನ ಗೋಡೆಯವರೆಗೂ ಬಂತು. ವರ್ಷವಿಡೀ ಆಳೆತ್ತರ ನಿಲ್ಲುವ ಕಬ್ಬಿನಲ್ಲಿ ಕಾಡುಬೆಕ್ಕೂ ಮರಿ ಹಾಕುತ್ತದೆ, ಚಿರತೆಯೂ ಮರಿ ಹಾಕುತ್ತದೆ. ಕಬ್ಬು ಕಡಿದ ದಿನ ಅವು ಎಲ್ಲಿಗೆ ಹೋಗಬೇಕು? ನಿಮ್ಮ ಹಿತ್ತಲಿಗೇ. ಕಬ್ಬು ಬಿಡಿ ಅಂತ ಹೇಳುತ್ತಿಲ್ಲ. ಗೂಡಿಗೂ ಕಬ್ಬಿಗೂ ನಡುವೆ ಹತ್ತಿಪ್ಪತ್ತು ಅಡಿ ಬೋಳು ಜಾಗ ಬಿಡಿ, ಬೇಲಿಯ ಲಂಟಾನ ಸವರಿ. ಮರೆ ಇಲ್ಲದ ಕಡೆ ಮುಂಗುಸಿ ಧೈರ್ಯ ಮಾಡುವುದು ಕಡಿಮೆ.

ಇನ್ನು ಕೆಲವರ ದಾರಿ ಬೇರೆ. ಉರುಳು ಹಾಕುತ್ತಾರೆ, ಸತ್ತ ಕೋಳಿಗೆ ವಿಷ ಬೆರೆಸಿ ಇಡುತ್ತಾರೆ, ಬೇಲಿಗೆ ಕರೆಂಟು ಕೊಡುತ್ತಾರೆ. ಇದು ಶುದ್ಧ ಮೂರ್ಖತನ. ವಿಷ ತಿಂದು ಸಾಯುವುದು ನಿಮ್ಮದೇ ನಾಯಿ. ಕರೆಂಟಿಗೆ ಸಿಕ್ಕುವುದು ಬೆಳಗಿನ ಜಾವ ನೀರು ಕಟ್ಟಲು ಹೋದ ನಿಮ್ಮದೇ ಅಣ್ಣತಮ್ಮ. ಚಿರತೆ, ಕಾಡುಬೆಕ್ಕು, ಮುಂಗುಸಿ ಎಲ್ಲಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಒಂದು ಕೋಳಿಯ ಸಿಟ್ಟಿಗೆ ಜೈಲು, ಕೋರ್ಟು, ವಕೀಲರ ಫೀಜು, ಅದಕ್ಕೆ ಮತ್ತೆ ಸಾಲ!

ಕಾಡಿನ ಕಳ್ಳನ ಮಾತಾಯಿತು, ಮನೆಯ ಕಳ್ಳನ ಮಾತಾಡೋಣ. ಮದ್ದೂರಿನಿಂದ ಮಳವಳ್ಳಿವರೆಗೆ ಯಾವ ಊರಿಗೆ ಹೋದರೂ ಹಗಲೆಲ್ಲ ಬಿಟ್ಟ ನಾಯಿ, ಹೊಟ್ಟೆಗಿಲ್ಲದ ನಾಯಿ. ಕೋಳಿ ಕೊಯ್ದ ದಿನ ಕರುಳು, ಪುಕ್ಕ ಅದರ ಮುಂದೆ ಎಸೆದು ಹಸಿ ರುಚಿ ಹತ್ತಿಸುವವರು ನಾವು. ಮರುದಿನ ಅದು ಪಕ್ಕದ ಮನೆಯ ಹೇಂಟೆಗೆ ಬಾಯಿ ಹಾಕಿದರೆ ಎರಡು ಮನೆಗೆ ಮಾತಿಲ್ಲ, ಕತೆಯಿಲ್ಲ. ನಾಯಿಗೆ ಬಡಿದರೆ ಬುದ್ಧಿ ಬರುವುದಿಲ್ಲ. ಮರಿಯಿದ್ದಾಗಲೇ ಕೋಳಿಗಳ ನಡುವೆ ಹಗ್ಗ ಕಟ್ಟಿ ಬೆಳೆಸಿ, ಅಟ್ಟಿಸಿಕೊಂಡು ಹೋಗಲು ನೋಡಿದೊಡನೆ ಹಗ್ಗ ಹಿಡಿದು ಗದರಿಸಿ. ಹೊಟ್ಟೆ ತುಂಬ ಮುದ್ದೆ ಹಾಕಿ. ಚಟ ಹತ್ತಿದ ನಾಯಿಯನ್ನು ಕೋಳಿ ಬಿಟ್ಟಿರುವ ಹೊತ್ತು ಕಟ್ಟಿಹಾಕಿ. ಪಳಗಿದ ನಾಯಿ ಮುಂಗುಸಿಯನ್ನೂ ಬೆಕ್ಕನ್ನೂ ದೂರ ಇಡುತ್ತದೆ. ಆದರೆ ರಾತ್ರಿ ಅದನ್ನು ಹಿತ್ತಲಲ್ಲಿ ಕಟ್ಟಬೇಡಿ. ಚಿರತೆ ಊರೊಳಗೆ ಬರುವುದೇ ನಾಯಿಗೋಸ್ಕರ. ಬಾಗಿಲಿರುವ ಕೊಟ್ಟಿಗೆಯೊಳಗೆ ಕಟ್ಟಿ.

ಗೂಡಿನ ವಿಷಯ. ಕೋಳಿ ಜಾಲರಿಯ ದೊಡ್ಡ ಕಣ್ಣಲ್ಲಿ ಹಾವು ನುಗ್ಗುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಎರಡು ಮೂರು ಅಡಿ ಎತ್ತರಕ್ಕೆ ಕಲ್ಲುಕಂಬದ ಮೇಲೆ ಕೂರಿಸಿ. ನೆಲದ ಮೇಲೇ ಕಟ್ಟುವುದಾದರೆ ಚಪ್ಪಡಿ ಹಾಸಿ, ಇಲ್ಲವೇ ಮೆಶ್ಶನ್ನು ಒಂದಡಿ ಮಣ್ಣೊಳಗೆ ಇಳಿಸಿ. ದಾರ ಸುತ್ತಿದ ಬಾಗಿಲು ಬಾಗಿಲಲ್ಲ, ಕಬ್ಬಿಣದ ಅಗುಳಿ ಇರಲಿ. ದೀಪ ಹಚ್ಚುವ ಮುಂಚೆ ಕೋಳಿ ಒಳಗಿರಬೇಕು. ಉಳಿದ ಕಾಳು ಗೂಡಿನ ಬಳಿ ಬಿಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮುಂಗುಸಿ ಹಗಲುಗಳ್ಳ, ಹದ್ದೂ ಹಾಗೆಯೇ. ಆದ್ದರಿಂದ ಮೊದಲ ನಾಲ್ಕು ವಾರ ಮರಿಗಳನ್ನು ಬಯಲಿಗೆ ಬಿಡಬೇಡಿ. ನಮ್ಮ ಅವ್ವಂದಿರು ಮಂಕರಿ ಕವುಚಿ ಮೇಲೆ ಕಲ್ಲು ಹೇರುತ್ತಿದ್ದರಲ್ಲ, ಅದೇ ವಿಜ್ಞಾನ. ಮರಿ ಹೆಚ್ಚಿದ್ದರೆ ಸುತ್ತ ಮೆಶ್ ಕಟ್ಟಿ, ಮೇಲೆ ಹಳೆಯ ಮೀನುಬಲೆ ಹೊದಿಸಿ.

ಸರ್ಕಾರವನ್ನೂ ಸುಮ್ಮನೆ ಬಿಡುವುದು ಬೇಡ. ಹೆಬ್ಬಾಳದ ವಿಜ್ಞಾನಿಗಳು 1989ರಲ್ಲಿ ಗಿರಿರಾಜ ತಳಿ ಕೊಟ್ಟರು. ಭಾರದ ಹಕ್ಕಿ, ಮರ ಹತ್ತಿ ತಪ್ಪಿಸಿಕೊಳ್ಳುವ ನಾಟಿಯ ಚುರುಕು ಅದಕ್ಕಿಲ್ಲ. 2005ರ ಸ್ವರ್ಣಧಾರ ಹಗುರ, ಬೆಕ್ಕು ನಾಯಿಯಿಂದ ತಪ್ಪಿಸಿಕೊಳ್ಳುವುದರಲ್ಲಿ ಮೇಲು. ಯಾವ ತಳಿಯಾದರೇನು, ಗೂಡಿಲ್ಲದ ಮನೆಗೆ ಮರಿ ಹಂಚಿ ಫೋಟೋ ಹಿಡಿಸಿಕೊಂಡರೆ ಅದು ಮುಂಗುಸಿಗೆ ಕೊಟ್ಟ ಸಹಾಯಧನ! ಮರಿ ಕೊಡುವವರು ಗೂಡಿನ ದುಡ್ಡನ್ನೂ ಕೊಡಲಿ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ನರೇಗಾ ಪಟ್ಟಿಯಲ್ಲಿ ಕೋಳಿ ಗೂಡಿನ ಕಾಮಗಾರಿಯೂ ಇತ್ತು. ನಿಮ್ಮೂರಲ್ಲಿ ಎಷ್ಟು ಜನ ಅರ್ಜಿ ಹಾಕಿದಿರಿ?

ಕೇಳುವುದನ್ನು ಕೇಳೋಣ, ಬಿಡುವುದಿಲ್ಲ. ಆದರೆ ಅಗುಳಿ ಹಾಕಲು ಯಾವ ಸಾಹೇಬರ ಆರ್ಡರೂ ಬೇಕಿಲ್ಲ. ಇವತ್ತು ಸಂಜೆ ಹೊಲದಿಂದ ಬಂದವರು ಮೊದಲು ಹಿತ್ತಲಿಗೆ ಹೋಗಿ. ಗೂಡಿನ ಬಾಗಿಲು ಅಲ್ಲಾಡಿಸಿ ನೋಡಿ, ಕೋಳಿ ಎಣಿಸಿ, ನಾಯಿಗೆ ಮುದ್ದೆ ಹಾಕಿ. ನಾವೇ ಬೆಲೆ ಹೇಳುವ ಒಂದೇ ಮಾಲು ನಮ್ಮ ಮನೆಯಲ್ಲಿದೆ. ಅದನ್ನು ಕಾಯಲಾರದವರು ಕಬ್ಬಿನ ಬೆಲೆ ಗೆದ್ದು ತಂದರೂ ಉಳಿಸಿಕೊಂಡಾರೇ?