ಬೀರುವಿನ ಜೊತೆಗೆ ಬಂದವನು

ಮಾರ್ಚ್ ತಿಂಗಳು ಬಂದಿತೆಂದರೆ ಲೆಕ್ಕಪತ್ರ ಶಾಖೆಯ ಗುಮಾಸ್ತನಿಗೆ ನಿದ್ರೆಯಿಲ್ಲವೆಂಬುದು ದೆಹಲಿಯ ನಮ್ಮ ಬಳಗದ ಬಹುಮಂದಿಗೆ ಗೊತ್ತು. ಮಂಜೂರಾದ ಹಣ 31ನೆಯ ತಾರೀಖಿನೊಳಗೆ ಖರ್ಚಾಗಬೇಕು, ಉಳಿದರೆ ಹೋಯಿತು. ಉಳಿಸಿದವನಿಗೆ ಮುಂದಿನ ವರ್ಷದ ಕಡಿತವೇ ಬಹುಮಾನ! ಇಂಥಲ್ಲಿ ಅನ್ನ ಉಣ್ಣುವ ನನಗೆ, ಉಳಿಸಿದ ಹಣವನ್ನೇ ಬಂಡವಾಳ ಮಾಡಿಕೊಂಡ ತಂಡವೊಂದರ ಕಥೆ ಕೇಳಿ ಹೊಟ್ಟೆಕಿಚ್ಚಾಯಿತೆಂದರೆ ವಾಚಕರು ಕ್ಷಮಿಸಬೇಕು.

ಕಥೆ ಅಮೆರಿಕದ ಫುಟ್‌ಬಾಲಿನದು. (ಹೆಸರು ಫುಟ್‌ಬಾಲು, ಆಟವೆಲ್ಲ ಬಹುಮಟ್ಟಿಗೆ ಕೈಯಲ್ಲಿಯೇ.) ಅಲ್ಲಿಯ ಎನ್.ಎಫ್.ಎಲ್.ನ 32 ತಂಡಗಳಿಗೂ ಆಟಗಾರರ ಸಂಬಳಕ್ಕೆ ಮಿತಿಯುಂಟು; 2017ರಲ್ಲಿ ಅದು 16 ಕೋಟಿ 70 ಲಕ್ಷ ಡಾಲರು. ದುಡ್ಡಿದ್ದವನೇ ದೊಡ್ಡಪ್ಪನಾಗದಿರಲೆಂದು ಮಾಡಿದ ಕಟ್ಟು. ಆದರೆ ಈ ವರ್ಷ ಬಳಸದೆ ಉಳಿದುದನ್ನು ಮುಂದಿನ ವರ್ಷದ ಮಿತಿಗೆ ಸೇರಿಸಿಕೊಳ್ಳಬಹುದು. ಇನ್ನೊಂದು ಕಟ್ಟಳೆ: ಕಾಲೇಜಿನಿಂದ ಬರುವ ಹುಡುಗರನ್ನು ವರ್ಷಕ್ಕೊಮ್ಮೆ, ಏಳು ಸುತ್ತುಗಳಲ್ಲಿ, ಸರದಿಯ ಮೇಲೆ ಆರಿಸಿಕೊಳ್ಳಬೇಕು. ಹೆಚ್ಚು ಸೋತವರಿಗೆ ಮುಂಚಿನ ಸರದಿ. ಈ ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು.

ಹ್ಯೂಸ್ಟನ್ ತಂಡ 2016ರಲ್ಲಿ ಬ್ರಾಕ್ ಆಸ್‌ವೈಲರ್ ಎಂಬಾತನನ್ನು ನಾಲ್ಕು ವರ್ಷಕ್ಕೆ 7 ಕೋಟಿ 20 ಲಕ್ಷ ಡಾಲರಿಗೆ ಗೊತ್ತುಮಾಡಿಕೊಂಡಿತು. ಒಂದೇ ವರ್ಷದಲ್ಲಿ ಬೇಡವಾದ. ಆದರೇನು, 2017ರ ಸಂಬಳ 1 ಕೋಟಿ 60 ಲಕ್ಷ, ಆಡಲಿ ಬಿಡಲಿ, ಖಾತರಿಯಾಗಿತ್ತು. ಅತ್ತ ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ತಂಡದಲ್ಲಿ ಗೆಲುವಿಗೆ ಬರ. ಸಂಬಳದ ಮಿತಿಯಲ್ಲಿ ಮಾತ್ರ ಹತ್ತು ಕೋಟಿಯಷ್ಟು ಜಾಗ ಖಾಲಿ. ಮಾರ್ಚ್ 9ರಂದು (ಮಾರ್ಚ್ ತಿಂಗಳೇ ನೋಡಿರಿ!) ಬರಡು ಹಸುವಿನ ಜೊತೆಗೆ ಕರುವನ್ನೂ ಕೊಟ್ಟಂತೆ, ಹ್ಯೂಸ್ಟನ್ ಆತನೊಡನೆ 2018ರ ಎರಡನೆಯ ಸುತ್ತಿನ ಸರದಿಯನ್ನೂ ಕೊಟ್ಟು ಕೈತೊಳೆದುಕೊಂಡಿತು. ಕೆಳಗಿನ ಸುತ್ತುಗಳ ಚಿಲ್ಲರೆ ವಿನಿಮಯವೂ ಇದ್ದಿತು, ಅದು ಹಾಗಿರಲಿ.

ಇಲ್ಲಿ ಸ್ವಂತದ ಒಂದು ಮಾತು. ಎರಡು ವರ್ಷದ ಹಿಂದೆ ನನ್ನನ್ನು ಪಕ್ಕದ ಶಾಖೆಗೆ ದಾಟಿಸಿದಾಗ ಜೊತೆಗೆ ಎರಡು ಕಬ್ಬಿಣದ ಬೀರುಗಳನ್ನೂ ಕೊಟ್ಟರು. ಅಲ್ಲಿಯವರು ಬಹಳ ದಿನದಿಂದ ಬೀರುವಿಗಾಗಿ ಬರೆಯುತ್ತಿದ್ದರಂತೆ. ನಾನು ಹೋದ ದಿನ ಮೊದಲು ಜಾಗ ಗೊತ್ತುಮಾಡಿದ್ದು ಬೀರುವಿಗೆ. ನನ್ನ ಕುರ್ಚಿ ಬಂದದ್ದು ಮರುದಿನ. ಮನೆಯಾಕೆಗೆ ಈ ಸಂಗತಿ ಹೇಳಿರಲಿಲ್ಲ. ಈ ಪುಟದಲ್ಲಿಯೇ ಓದಿಕೊಳ್ಳಲಿ. ಆಸ್‌ವೈಲರನಿಗೆ ಕೋಟಿ ಸಿಕ್ಕಿತು ನಿಜ. ಆದರೂ ಆತ ಅಂದು ರಾತ್ರಿ ಮನೆಯಲ್ಲಿ ಏನು ಹೇಳಿದನೋ ಎಂದು ನಾನು ಯೋಚಿಸಿದ್ದುಂಟು.

ಸೆಪ್ಟೆಂಬರಿನಲ್ಲಿ, ಲೀಗಿನ ಒಂದು ಪಂದ್ಯವನ್ನೂ ಆಡಿಸದೆ, ಬ್ರೌನ್ಸ್ ಆತನನ್ನು ಬಿಟ್ಟುಬಿಟ್ಟರು. ಆತ ಡೆನ್ವರ್ ಸೇರಿದ. ಸಂಬಳದ ಬಹುಪಾಲನ್ನು ತೆತ್ತವರು ಬ್ರೌನ್ಸೇ. ಆ ವರ್ಷ ಅವರು ಆಡಿದ ಹದಿನಾರು ಪಂದ್ಯಗಳನ್ನೂ ಸೋತರು. 2018ರ ಜನವರಿಯ ಕೊರೆಯುವ ಚಳಿಯಲ್ಲಿ ಅಭಿಮಾನಿಗಳು ಪರಿಪೂರ್ಣ ಸೋಲಿಗೊಂದು ಮೆರವಣಿಗೆಯನ್ನೇ ತೆಗೆದರು! ಲೆಕ್ಕದ ಪುಸ್ತಕದಲ್ಲಿ ಜಾಣತನವೆನಿಸಿದುದಕ್ಕೆ ಟಿಕೆಟ್ಟು ಕೊಂಡು ಬೆಲೆ ತೆತ್ತವರು ಇವರು. ವ್ಯವಹಾರ ಕುದುರಿಸಿದ ಸಾಶಿ ಬ್ರೌನ್‌ರನ್ನು ಡಿಸೆಂಬರಿನಲ್ಲಿಯೇ ಮನೆಗೆ ಕಳುಹಿಸಲಾಗಿತ್ತು.

ಏಪ್ರಿಲಿನಲ್ಲಿ ಆ ಸರದಿ, ಒಟ್ಟಿನಲ್ಲಿ 35ನೆಯದು, ಬಂದಾಗ ಬೇರೆಯವರ ಕೈ ಆರಿಸಿದ್ದು ನಿಕ್ ಚಬ್ ಎಂಬ ಹುಡುಗನನ್ನು. 2019ರಲ್ಲಿ ಆತ ಚೆಂಡು ಹಿಡಿದು 1,494 ಗಜ ಓಡಿದ. 2023ರಲ್ಲಿ ಮಂಡಿಗೆ ಭಾರಿ ಪೆಟ್ಟಾಯಿತು. 2025ರ ಜೂನ್‌ನಲ್ಲಿ ಆತನನ್ನು ಸೇರಿಸಿಕೊಂಡ ತಂಡ ಯಾವುದು ಬಲ್ಲಿರಾ? ಹ್ಯೂಸ್ಟನ್.