ಬಾಗಿಲು ತೆರೆದ ಗಳಿಗೆ

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಜರ್ಮನಿಯ ಕಲೋನ್-ಬಾನ್ ನಿಲ್ದಾಣಕ್ಕೆ ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷದ ದಾರಿ. 2012ರ ಮೇ 11ರಂದು ಮಧ್ಯಾಹ್ನ 2.40ಕ್ಕೆ ತಲುಪಬೇಕಿದ್ದ ಜರ್ಮನ್‌ವಿಂಗ್ಸ್ ವಿಮಾನದ ಚಕ್ರಗಳು ಅಲ್ಲಿ ನೆಲ ಮುಟ್ಟಿದಾಗ ಗಂಟೆ 5.38. ನಿಲುಗಡೆಯ ಜಾಗಕ್ಕೆ ಬಂದು ನಿಂತಾಗ 5.43. ಬಾಗಿಲು ತೆರೆದದ್ದು ಅದಾದ ಸ್ವಲ್ಪ ಹೊತ್ತಿನ ಮೇಲೆ.

ಈ ಐದಾರು ನಿಮಿಷಗಳ ಬೆಲೆ 250 ಯೂರೋ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮಾವಳಿಯನ್ನು ಅಲ್ಲಿನ ನ್ಯಾಯಾಲಯವು 2009ರಲ್ಲಿ ವ್ಯಾಖ್ಯಾನಿಸಿದಂತೆ, ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದ ಪ್ರಯಾಣಿಕನಿಗೆ ಪರಿಹಾರ ಸಲ್ಲಬೇಕು. ನೆಲ ಮುಟ್ಟಿದ್ದೇ ತಲುಪಿದಂತೆ ಎಂದರೆ ವಿಳಂಬ ಎರಡು ಗಂಟೆ ಐವತ್ತೆಂಟು ನಿಮಿಷ. ಕಂಪನಿ ಬಿಡಿಗಾಸನ್ನೂ ಕೊಡಬೇಕಿಲ್ಲ. 2014ರ ಸೆಪ್ಟೆಂಬರ್ 4ರಂದು ನ್ಯಾಯಾಲಯವು, ಒಂದಾದರೂ ಬಾಗಿಲು ತೆರೆದು ಪ್ರಯಾಣಿಕರಿಗೆ ಇಳಿಯಲು ಅನುಮತಿ ದೊರೆತ ಗಳಿಗೆಯೇ ತಲುಪಿದ ಗಳಿಗೆ ಎಂದು ತೀರ್ಮಾನಿಸಿತು. ಅಲ್ಲಿಯವರೆಗೆ ಆತ ಕಂಪನಿಯ ಹಿಡಿತದಲ್ಲಿ, ಇಕ್ಕಟ್ಟಾದ ಜಾಗದಲ್ಲಿ, ತನ್ನ ಕೆಲಸಕ್ಕೆ ತಾನು ಹೋಗಲಾರದೆ ಕುಳಿತಿರುತ್ತಾನೆ.

ಸಮಯದ ವಿಷಯ ಹೀಗಾದರೆ ದೂರದ್ದು ಇನ್ನೊಂದು ಬಗೆ. ಪರಿಹಾರದ ಮೊತ್ತ ನಿಂತಿರುವುದು ದೂರದ ಮೇಲೆ: 1,500 ಕಿ.ಮೀ.ವರೆಗೆ 250 ಯೂರೋ, ಒಕ್ಕೂಟದೊಳಗೆ ಅದನ್ನು ಮೀರಿದರೆ 400. ರೋಮ್‌ನಿಂದ ಬ್ರಸೆಲ್ಸ್ ಮಾರ್ಗವಾಗಿ ಹ್ಯಾಂಬರ್ಗ್‌ಗೆ ಹೊರಟ ಕೆಲವರು ಮೂರು ಗಂಟೆ ಐವತ್ತು ನಿಮಿಷ ತಡವಾಗಿ ತಲುಪಿದರು. ಎರಡು ಹಾರಾಟಗಳನ್ನು ಕೂಡಿಸಿದರೆ 1,656 ಕಿ.ಮೀ.; ಭೂಗೋಳದ ಮೇಲೆ ರೋಮ್‌ನಿಂದ ಹ್ಯಾಂಬರ್ಗ್‌ಗೆ ದಾರ ಬಿಗಿದು ಅಳೆದರೆ 1,326. ಅವರು 400 ಕೇಳಿದರು. 2017ರ ಸೆಪ್ಟೆಂಬರ್ 7ರ ತೀರ್ಪಿನಲ್ಲಿ ದಾರದ ಅಳತೆಯೇ ಗೆದ್ದಿತು.

ಕಕ್ಷಿಗಾರನಿಗೆ ಇದನ್ನು ಒಪ್ಪಿಸುವುದು ಯಾವ ವಕೀಲನಿಗೂ ಸುಲಭವಲ್ಲ. ಆದರೂ ಎರಡು ತೀರ್ಪುಗಳಲ್ಲಿ ವಿರೋಧವಿಲ್ಲವೆಂದು ನನಗನಿಸುತ್ತದೆ. ಎರಡರಲ್ಲೂ ನ್ಯಾಯಾಲಯವು ನೋಡಿದ್ದು ವಿಮಾನ ಏನು ಮಾಡಿತೆಂಬುದನ್ನಲ್ಲ, ಪ್ರಯಾಣಿಕನಿಗೆ ಆದ ತೊಂದರೆಯನ್ನು. ಸುತ್ತು ಹಾಕಿ ಬಂದ ಮಾತ್ರಕ್ಕೆ ವಿಳಂಬದ ತೊಂದರೆ ಹೆಚ್ಚುವುದಿಲ್ಲ.

ನಮ್ಮ ದೇಶದ ವಿಮಾನಯಾನ ನಿಯಮ ಕಿಲೋಮೀಟರಿನ ಗೊಡವೆಗೇ ಹೋಗುವುದಿಲ್ಲ. ಮುನ್ಸೂಚನೆಯಿಲ್ಲದೆ ಹಾರಾಟ ರದ್ದಾದರೆ, ಪ್ರಯಾಣದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ. ಟಿಕೇಟಿನ ಮೂಲದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಾದರೆ ಅಷ್ಟೇ. ಬರಿಯ ವಿಳಂಬಕ್ಕೆ ಊಟ, ಉಪಚಾರ ಉಂಟು, ನಗದು ಇಲ್ಲ.

ಓದಿಗೋ ಉದ್ಯೋಗಕ್ಕೋ ಮಕ್ಕಳನ್ನು ಜರ್ಮನಿಗೆ ಕಳುಹಿಸಿರುವ ಓದುಗರು ತಿಳಿದಿರಬೇಕಾದ ಮಾತೊಂದಿದೆ: ಒಕ್ಕೂಟದ ನಿಲ್ದಾಣದಿಂದ ಹೊರಟವರೆಲ್ಲರಿಗೂ ಈ ಹಕ್ಕು ಉಂಟು, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ. ಕೆಟ್ಟ ಹವಾಮಾನದಂತಹ ಅಸಾಧಾರಣ ಕಾರಣವಿದ್ದರೆ ಕಂಪನಿ ಪಾರಾಗಬಹುದು. ಜರ್ಮನಿಯಲ್ಲಿ ದಾವೆಯ ಕಾಲಮಿತಿ ಮೂರು ವರ್ಷ. ಎಣಿಕೆ ಆರಂಭವಾಗುವುದು ಪ್ರಯಾಣ ಮಾಡಿದ ವರ್ಷ ಮುಗಿದ ಮೇಲೆ. ಬೋರ್ಡಿಂಗ್ ಪಾಸನ್ನು ಎಸೆಯಬೇಡಿರೆಂದೂ, ಬಾಗಿಲು ತೆರೆದಾಗ ಒಮ್ಮೆ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿರೆಂದೂ ಅವರಿಗೆ ಹೇಳಿರಿ.