ನಂಬಿಗಸ್ತ ಆಳು ಸಿಗುತ್ತಿಲ್ಲವೆ?

ಯಾವ ಪೇಟೆಗೆ ಹೋದರೂ ಸಣ್ಣ ವ್ಯಾಪಾರಿಯ ಬಾಯಲ್ಲಿ ಒಂದೇ ಗೋಳು: "ನಂಬಿಗಸ್ತ ಆಳು ಸಿಗುವುದಿಲ್ಲ; ಇಂದು ಬಂದವನು ನಾಳೆ ಇರುವುದಿಲ್ಲ." ದಾವಣಗೆರೆಯ ಮಂಡಿಪೇಟೆಯಲ್ಲೂ ಇದೇ ಮಾತು, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲೂ ಇದೇ ಮಾತು. ಸ್ವಾಮಿ, ಆಳನ್ನು ನೀವು ಹುಡುಕುವ ಬಗೆ ಯಾವುದು?

ನಮ್ಮ ಪೈಕಿಯವನೇ ಆಗಬೇಕು, ಗುರುತಿನವರು ಹೇಳಬೇಕು, ಕಡಿಮೆಗೆ ಬರಬೇಕು. ತೂಕ ಬಲ್ಲನೆ, ಲೆಕ್ಕ ಬರುತ್ತದೆಯೆ, ಗಿರಾಕಿಯೊಡನೆ ಎರಡು ಒಳ್ಳೆಯ ಮಾತಾಡಬಲ್ಲನೆ ಎಂಬ ಪ್ರಶ್ನೆಗಳು ಕೊನೆಗೆ ಬರುತ್ತವೆ, ಇಲ್ಲವೆ ಬರುವುದೇ ಇಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುವ ಮನುಷ್ಯ ಗಲ್ಲಾಪೆಟ್ಟಿಗೆ ಒಪ್ಪಿಸುವಾಗ ಜಾತಿ ಕೇಳಿ ಸುಮ್ಮನಾಗುತ್ತಾನೆ!

ಗಿರಣಿ ಕಾರ್ಮಿಕರಿಗೆ ಈ ಪದ್ಧತಿ ಹೊಸದಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಆಳು ಸೇರಿಸುವ, ಬಿಡಿಸುವ ಅಧಿಕಾರ ಜಾಬರನ ಕೈಯಲ್ಲಿತ್ತು. ಅವನು ತನ್ನ ಊರಿನವರನ್ನು, ತನ್ನ ಜಾತಿಯವರನ್ನು ತುಂಬಿದ; ಕೆಲಸ ಕೊಡಿಸಿದ್ದಕ್ಕೆ ದಸ್ತೂರಿ ಕಿತ್ತ. ವಿಟ್ಲಿಯವರ ಅಧ್ಯಕ್ಷತೆಯ ಕಾರ್ಮಿಕ ಆಯೋಗವು 1931ರ ವರದಿಯಲ್ಲಿ ಈ ಅಧಿಕಾರವನ್ನು ಜಾಬರನಿಂದ ತೆಗೆದು ಬೇರೆ ಅಧಿಕಾರಿಗೆ ಕೊಡಬೇಕೆಂದಿತು. ಬ್ರಿಟಿಷ್ ಸರಕಾರ ನೇಮಿಸಿದ ಆಯೋಗಕ್ಕೂ ಕಂಡ ಹುಳುಕು ಇಂದು ಎರಡು ಆಳಿನ ಕಿರಾಣಿ ಅಂಗಡಿಯಲ್ಲಿ ಸೇರಿಕೊಂಡಿದೆ. ಶಿಫಾರಸಿನಿಂದ ಬಂದವನು ಶಿಫಾರಸು ಮಾಡಿದವನ ಆಳು, ನಿಮ್ಮ ಆಳಲ್ಲ. ಅವನಿಗೆ ಕೆಲಸ ಬಾರದಿದ್ದರೂ ದಾಕ್ಷಿಣ್ಯಕ್ಕೆ ಬಿಡಿಸಲಾರಿರಿ. ಪಕ್ಕದ ಬೀದಿಯಲ್ಲಿ ಕೆಲಸ ಬಲ್ಲ ಹುಡುಗಿ ಅಲೆಯುತ್ತಿದ್ದರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಕಡಿಮೆಗೆ ಬರುವವನ ಮಾತು. ಆಗಿನ ಮೈಸೂರು ರಾಜ್ಯವು 1961ರಲ್ಲೇ ಅಂಗಡಿಗಳ ಕಾಯಿದೆ ಮಾಡಿ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಬರೆಯಿತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ನೆನಪಾಗುವ ಬರಹವಿದು! ಬೆಳಗ್ಗೆ 8ಕ್ಕೆ ಬಾಗಿಲು ತೆರೆದವನು ರಾತ್ರಿ 9ಕ್ಕೂ ನಿಂತೇ ಇದ್ದರೆ ಗಿರಾಕಿಯ ಮೇಲೆ ಸಿಡುಕದೆ ಇನ್ನೇನು ಮಾಡಿಯಾನು? ನೂರು ರೂಪಾಯಿ ಹೆಚ್ಚು ಕೊಡುವವನು ಸಿಕ್ಕ ದಿನ ಹೊರಟುಹೋಗುತ್ತಾನೆ. ಉದ್ದರಿ ಗಿರಾಕಿಗಳ ಮುಖ, ಸರಕಿನ ಜಾಗ, ದರದ ಏರಿಳಿತ ಎಲ್ಲವನ್ನೂ ಹೊಸಬನಿಗೆ ಮತ್ತೆ ಮೊದಲಿನಿಂದ ಕಲಿಸಬೇಕು. ಈ ನಷ್ಟವನ್ನು ಯಾವ ಖಾತೆಯಲ್ಲಿ ಬರೆದಿದ್ದೀರಿ?

ಅಮೆರಿಕದ ಮೋಟಾರು ಧಣಿ ಹೆನ್ರಿ ಫೋರ್ಡ್ ಕಾರ್ಮಿಕ ಸಂಘಗಳ ಹಗೆ. ಅವನನ್ನು ಹೊಗಳುವುದು ನಮ್ಮ ಕೆಲಸವಲ್ಲ. ಆದರೂ 1913ರಲ್ಲಿ ಸುಮಾರು 14,000 ಆಳುಗಳನ್ನು ಉಳಿಸಿಕೊಳ್ಳಲು 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಸುಸ್ತಾದ ಅವನು, 1914ರ ಜನವರಿಯಲ್ಲಿ 8 ಗಂಟೆಯ ದುಡಿಮೆಗೆ 5 ಡಾಲರ್ ಎಂದು ಸಾರಿದ. ಬಿಟ್ಟುಹೋಗುವವರ ಸಂಖ್ಯೆ ತಟ್ಟನೆ ಇಳಿಯಿತು. ಧರ್ಮಕ್ಕೆ ಕೊಟ್ಟದ್ದಲ್ಲ, ಲೆಕ್ಕ ಹಾಕಿ ಕೊಟ್ಟದ್ದು.

"ನಮಗೆಲ್ಲಿದೆ ಫೋರ್ಡನ ಲಾಭ?" ಎನ್ನುತ್ತೀರಿ. ನಿಜ. ಅಂಗಡಿ ಬಾಡಿಗೆ, ಬಡ್ಡಿ, ದೊಡ್ಡ ಬಂಡವಾಳದ ಮಾಲ್‌ಗಳು ನಿಮ್ಮನ್ನು ಹಿಂಡುತ್ತಿವೆ. ಆದರೆ ಹಿಂಡುವವನ ಮುಂದೆ ಕೈಕಟ್ಟಿ ನಿಂತು, ಆ ಸಿಟ್ಟನ್ನು ತಕ್ಕಡಿ ಹಿಡಿದ ಹುಡುಗನ ಸಂಬಳದಲ್ಲಿ ತೀರಿಸಿಕೊಳ್ಳುವುದು ಎಲ್ಲಿಯ ವ್ಯಾಪಾರ?

ಕಾರ್ಮಿಕ ಬಂಧುಗಳಿಗೂ ಒಂದು ಮಾತು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಎಷ್ಟೋ ಮನೆಗಳ ಮಕ್ಕಳು ಅಂಗಡಿಗಳಲ್ಲಿ ನಿಂತಿದ್ದಾರೆ. "ಸಾಹುಕಾರರೆ, ಹುಡುಗನನ್ನು ನಿಮ್ಮ ಕೈಗೆ ಹಾಕಿದ್ದೇನೆ" ಎಂದು ಕೈಮುಗಿದು ಬರಬೇಡಿ. ಸಂಬಳವೆಷ್ಟು, ಹೊತ್ತೆಷ್ಟು, ರಜೆ ಎಂದು, ಕೇಳಿ ಬರೆಸಿಕೊಳ್ಳಿ. 14 ತುಂಬದ ಮಗುವನ್ನು ಕರೆದೊಯ್ಯಲೇಬೇಡಿ. 2016ರ ತಿದ್ದುಪಡಿಯ ನಂತರ ಪರರ ಮಗುವನ್ನು ಯಾವ ಕೆಲಸಕ್ಕಿಟ್ಟುಕೊಂಡರೂ ಅಪರಾಧ.

ವ್ಯಾಪಾರಿ ಮಿತ್ರರು "ಆಳು ಬೇಕಾಗಿದೆ" ಎಂಬ ಹಲಗೆ ತೂಗುಹಾಕುವಾಗ ಕೆಲಸದ ಹೊತ್ತನ್ನೂ ಸಂಬಳದ ಅಂಕಿಯನ್ನೂ ಅದರ ಮೇಲೆಯೇ ಬರೆಯಲಿ. ಬಂದವರು ಯಾರೇ ಆಗಲಿ, ಒಂದು ವಾರ ಪೂರ್ತಿ ಕೂಲಿ ಕೊಟ್ಟು ತಕ್ಕಡಿಯ ಮುಂದೆ ನಿಲ್ಲಿಸಿ ನೋಡಲಿ. ಕೆಲಸ ಬಲ್ಲವರಾದರೆ ಎಂಟನೆಯ ದಿನ ನೇಮಕದ ಚೀಟಿಯನ್ನು ಕೈಗೆ ಕೊಡಲಿ.